ಕೆಂಪು ಕಾರಿನ ವಧುಪರೀಕ್ಷೆ

ನನಗೆ ಅನುಮಾನದ ಕಾಯಿಲೆ ಇದೆ ಎಂದು ನನ್ನ ಹೆಂಡತಿ ಸುಮಾ ಹೇಳುತ್ತಾಳೆ. ಅವಳು ಹಾಗೆ ಹೇಳುವುದರ ಹಿಂದೆ ಏನೋ ಉದ್ದೇಶ ಇರಬೇಕೆಂದು ನನ್ನ ಅನುಮಾನ. ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ನಾನು ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಅದರ ಕಣ್ಣು ಒತ್ತಿ, ಮತ್ತೆ ಅಲ್ಲಾಡಿಸಿ, ಕೊನೆಗೆ ಮೊದಲು ಬೇಡವೆಂದಿದ್ದನ್ನೇ ತರುತ್ತೇನೆ. ಹತ್ತರಲ್ಲಿ ನಾಲ್ಕು ಕೊಳೆತಿರುತ್ತವೆ. ಸುಮಾ ಕೈಗೆ ಸಿಕ್ಕಿದ್ದನ್ನು ತರುತ್ತಾಳೆ, ಒಂದೂ ಕೊಳೆತಿರುವುದಿಲ್ಲ. ಇದನ್ನು ನಾನು ಅದೃಷ್ಟ ಎನ್ನುತ್ತೇನೆ, ಅವಳು ಬೇರೇನೋ ಎನ್ನುತ್ತಾಳೆ.

ಇಂಥ ನನಗೆ, ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾದಾಗ, ಹಳೆಯ ಅಮೆರಿಕನ್ ಮಸಲ್ ಕಾರು ಕೊಳ್ಳುವ ಹುಚ್ಚು ಹಿಡಿಯಿತು. ಉದ್ದ ಮೂತಿ, ಅದರ ತುಂಬ ಎಂಜಿನ್, ಬೀದಿಗೆಲ್ಲ ಕೇಳುವ ಗುಡುಗು. ನನಗೆ ಹನ್ನೆರಡು ವರ್ಷವಾಗಿದ್ದಾಗ ಮೈಸೂರಿನ ಕ್ಷೌರದಂಗಡಿಯ ಗೋಡೆಯ ಮೇಲೆ ಅಂಥದ್ದೊಂದು ಕೆಂಪು ಕಾರಿನ ಚಿತ್ರವಿತ್ತು. ಅದನ್ನು ನೋಡಲೆಂದೇ ಬೆಳೆಯದ ಕೂದಲನ್ನು ಕತ್ತರಿಸಿಕೊಂಡು ಬರುತ್ತಿದ್ದೆ. ಜೀವನದಲ್ಲಿ ನಾನು ನಿಜವಾಗಿ ಬಯಸಿದ್ದು ಅದೊಂದನ್ನೇ. ಇದನ್ನು ಸುಮಾಳ ಮುಂದೆ ಒಮ್ಮೆ ಹೇಳಿ ಎರಡು ದಿನ ತಿಳಿಸಾರು ಉಂಡಿದ್ದೇನೆ.

ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಂಗ್ಲಿಷಿನವನೊಬ್ಬ ಕಾರುಪಂಡಿತ. ಇವುಗಳಲ್ಲಿ ನಕಲಿ ಬಹಳ, ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ದೊಡ್ಡ ಹೆಸರಿನ ಬಿಲ್ಲೆ ಅಂಟಿಸಿ ಮಾರುತ್ತಾರೆ ಎಂದು ಅವನು ಹೇಳಿಕೊಟ್ಟ. ಚಾಸಿ ನಂಬರಿನೊಳಗೆ ಒಂದು ಅಕ್ಷರವಿರುತ್ತದೆ, ಕಾರು ಯಾವ ಎಂಜಿನ್ ಹೊತ್ತು ಹುಟ್ಟಿತೆಂದು ಅದು ಹೇಳುತ್ತದೆ. ಎಂಜಿನ್ ಮೇಲೆ ಕೊರೆದ ಅಂಕಿ ಅದಕ್ಕೆ ತಾಳೆಯಾಗಬೇಕು. ಅಂದರೆ ಜಾತಕ ನೋಡುವ ಕೆಲಸ. ನನಗಿಂತ ಯೋಗ್ಯ ಮನುಷ್ಯ ಇದಕ್ಕೆ ಸಿಗುವುದಿಲ್ಲ ಎಂದು ಸಂತೋಷವಾಯಿತು.

ಕನ್ನಡದವರ ಹಬ್ಬದೂಟದ ಸಾಲಿನಲ್ಲಿ ಬೆನ್ನಿಯವರು ಸಿಕ್ಕರು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಹೇಸ್‌ನ ಗೋದಾಮೊಂದರಲ್ಲಿ ಕೆಲಸ. ಅವರ ಹತ್ತಿರ ಅಂಥದೇ ಕೆಂಪು ಕಾರು, ಮಾರಾಟಕ್ಕೆ! ಯಾಕೆ ಮಾರುತ್ತೀರಿ ಎಂದೆ.

"ಎಡಗಾಲು ಕೈಕೊಟ್ಟಿದೆ ಮಾರಾಯ್ರೆ. ಒತ್ತಲಿಕ್ಕೇ ಆಗುವುದಿಲ್ಲ. ಹದಿನೈದು ವರ್ಷ ಸಾಕಿದ ಗಾಡಿ, ನೋಡುವವರ ಕೈಗೆ ಹೋಗಲಿ ಅಂತ ಉಂಟು."

ನಾನು ಅವರ ಮಾತು ಬಿಟ್ಟು ಕಾಲು ನೋಡಿದೆ. ಕುಂಟುತ್ತಿದ್ದರು, ನಿಜ. ಆದರೆ ಪಾಯಸಕ್ಕೆ ಹೋಗುವಾಗಲೂ ಅದೇ ಕಾಲು ಕುಂಟುತ್ತದೆಯೇ ಎಂದು ಹಿಂದಿನಿಂದ ಗಮನಿಸಿದೆ. ಅದೇ ಕಾಲು. ಅಭ್ಯಾಸ ಮಾಡಿದ್ದಾರೆ ಅಂದುಕೊಂಡೆ.

ನಮ್ಮಲ್ಲಿ ಸಂಬಂಧ ಬೆಳೆಸುವ ಮೊದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು ಪದ್ಧತಿಯಲ್ಲವೇ? ನನ್ನ ಮದುವೆಗೆ ಮುಂಚೆ ಮಾವನವರು ಕಳಿಸಿದ ಮನುಷ್ಯ ನಮ್ಮ ಆಫೀಸಿನ ಎದುರಿನ ಹೋಟೆಲಿನಲ್ಲಿ ಮೂರು ದಿನ ಕಾಫಿ ಕುಡಿದು, ಹುಡುಗ ಸಿಗರೇಟು ಮುಟ್ಟುವುದಿಲ್ಲ ಎಂದು ವರದಿ ಕೊಟ್ಟಿದ್ದ. ನಾನು ಹಿಂಬಾಗಿಲಲ್ಲಿ ಸೇದುತ್ತಿದ್ದೆ. ಆ ತಪ್ಪು ನನ್ನಿಂದ ಆಗಬಾರದೆಂದು, ಶನಿವಾರ ಸುಮಾಳನ್ನು ನಮ್ಮ ಪುಟ್ಟ ಕಾರಿನಲ್ಲೇ ಕೂರಿಸಿ, ಬೆನ್ನಿಯವರ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬಿಳಿಗೂದಲಿನ ಇಂಗ್ಲಿಷ್ ಅಜ್ಜಿ. ಕಾರಿನ ನಡತೆ ಹೇಗೆ, ಹಿಂದೆ ಏನಾದರೂ ಆಗಿತ್ತೇ, ಬೆಳಿಗ್ಗೆ ಕೆಮ್ಮುತ್ತದೆಯೇ ಎಂದೆಲ್ಲ ಕೇಳಿದೆ. ಅಜ್ಜಿ ನನ್ನನ್ನು ಕೌನ್ಸಿಲ್‌ನವನೆಂದು ತಿಳಿದು ತನ್ನ ಕಸದ ಡಬ್ಬಿಯ ದೂರು ಹೇಳಿದಳು. ಕೊನೆಗೆ, ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಗಂಡಹೆಂಡತಿ ಆ ಕಾರಿನೊಳಗೆ ಸುಮ್ಮನೆ ಕೂತಿರುತ್ತಾರೆ, ಈಚೆಗೆ ಎಲ್ಲಿಗೂ ಹೋಗುವುದಿಲ್ಲ ಎಂದಳು. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ ಎಂದು ಚೀಟಿಯಲ್ಲಿ ಬರೆದುಕೊಂಡೆ.

ಕಾರು ಮನೆ ಮುಂದೆ ನಿಂತಿತ್ತು. ಕ್ಷೌರದಂಗಡಿಯ ಗೋಡೆಯಿಂದ ಇಳಿದು ಬಂದಂತಿತ್ತು. ಎದೆ ಹೊಡೆದುಕೊಂಡಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಫ್ರಿಜ್‌ನಿಂದ ಕಿತ್ತು ತಂದಿದ್ದ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟನ್ನು ಕಾರಿನ ಮೈಮೇಲೆಲ್ಲ ಇಟ್ಟು ನೋಡಿದೆ. ತಗಡು ಕೊಳೆತ ಕಡೆ ಪುಟ್ಟಿ ಮೆತ್ತಿದ್ದರೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ತಿಮ್ಮಪ್ಪ ಎಲ್ಲ ಕಡೆ ನಿಂತ. ಟಾರ್ಚ್ ಹಿಡಿದು ನಂಬರ್ ಓದಿದೆ, ತಾಳೆಯಾಯಿತು. ನಂಬರಿನ ಫಲಕ ಬದಲಿಸಿದ್ದಾರೆಯೇ ಎಂದು ಅದರ ಮೊಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ, ಹಳೆಯವೇ. ಅಡಿಯಲ್ಲಿ ನುಸುಳಿ ಅಂಗಿಗೆಲ್ಲ ಎಣ್ಣೆ ಮೆತ್ತಿಕೊಂಡು ಬಂದೆ. ಎರಡು ಗಂಟೆ ಹುಡುಕಿದರೂ ಒಂದು ಮೋಸ ಸಿಗಲಿಲ್ಲ. ಇಷ್ಟು ಸರಿಯಾಗಿದೆ ಎಂದರೆ ಏನೋ ಇದೆ ಎಂದು ಸುಮಾಳ ಕಿವಿಯಲ್ಲಿ ಹೇಳಿದೆ.

"ಇದೆ," ಎಂದಳು ಸುಮಾ. "ಅವರಿಗೆ ಕಾಲು ನೋವಿದೆ. ಎರಡು ಗಂಟೆಯಿಂದ ನಿಂತಿದಾರೆ."

ಬೆನ್ನಿಯವರು ಕೀಲಿ ಕೊಟ್ಟರು. "ಪಕ್ಕದ ಮನೆ ಅಜ್ಜಿಯನ್ನೂ ವಿಚಾರಿಸಿದಿರಂತೆ, ಈಗ ಫೋನ್ ಬಂತು. ಅಡ್ಡಿಯಿಲ್ಲ. ಒಂದು ರೌಂಡ್ ಓಡಿಸಿ, ಆಮೇಲೆ ಹೇಳಿ."

ಬಾಗಿಲು ತೆರೆದು ಸೀಟಿನಲ್ಲಿ ಕೂತೆ. ಸಂಜೆ ಬಿಸಿಲಿಗೆ ಕೆಂಪು ಬಾನೆಟ್ ಉದ್ದಕ್ಕೆ ಚಾಚಿತ್ತು. ಕೀಲಿ ತಿರುಗಿಸುವ ಮುನ್ನ ಕಾಲಿಟ್ಟು ನೋಡಿದರೆ ಪೆಡಲ್‌ಗಳು ಮೂರು, ಎಡತುದಿಯಲ್ಲಿ ಕ್ಲಚ್ಚು. ಅಮೆರಿಕದ ಕಾರೆಲ್ಲ ಆಟೊಮ್ಯಾಟಿಕ್ ಎಂದು ನಾನು ಯಾರನ್ನೂ ಕೇಳದೆ ನಂಬಿದ್ದೆ. ಜೀವನದಲ್ಲಿ ವಿಚಾರಿಸದೆ ನಂಬಿದ್ದು ಅದೊಂದೇ.

ಕಾರು ಹೊರಡದಿದ್ದುದನ್ನು ಕಂಡು ಬೆನ್ನಿಯವರು ಕಿಟಕಿಗೆ ಬಗ್ಗಿದರು. "ಲೈಸೆನ್ಸ್ ಉಂಟಲ್ಲ?"

ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಫೋಟೊವನ್ನು ಉಗುರಿನಿಂದ ಕೆರೆದರು. ನನ್ನ ಭೂತಗನ್ನಡಿಯನ್ನೇ ಕೇಳಿ ತೆಗೆದುಕೊಂಡು ಹಿಂಬದಿಯನ್ನು ನಿಧಾನವಾಗಿ ಓದಿದರು. ಗೇರಿನ ಕಾರಿನಲ್ಲಿ ಮೂರು ಸಲ ಫೇಲಾಗಿ, ಆಟೊಮ್ಯಾಟಿಕ್‌ನಲ್ಲಿ ಪಾಸಾದವನು ನಾನು. ಆಟೊಮ್ಯಾಟಿಕ್ ಮಾತ್ರ ಓಡಿಸಬಹುದೆಂದು ಅಲ್ಲಿ ಬರೆದಿತ್ತು. ಈ ಸಂಗತಿ ಲಂಡನ್ನಿನಲ್ಲಿ ಸುಮಾಳೊಬ್ಬಳಿಗೇ ಗೊತ್ತಿತ್ತು.

ಬೆನ್ನಿಯವರು ನಗಲಿಲ್ಲ. ಕಾರಿನ ಚಾವಣಿಯ ಮೇಲೆ ಕೈಯಿಟ್ಟು, ಅದಕ್ಕೂ ಕೇಳಲಿ ಎನ್ನುವ ಹಾಗೆ ಹೇಳಿದರು. "ನನ್ನ ಎಡಗಾಲು ಹೋಯಿತು, ಅದು ನನ್ನ ಕರ್ಮ. ನಿಮಗೆ ಗಟ್ಟಿ ಕಾಲಿದ್ದೂ ಅದಕ್ಕೆ ಲೈಸೆನ್ಸ್ ಇಲ್ಲವಲ್ಲ ಮಾರಾಯ್ರೆ!"

ಎಡಗಾಲಿನ ಮಾತು ಕೇಳಿದಾಗಲೇ ಅದು ಗೇರಿನ ಕಾರೆಂದು ತನಗೆ ಗೊತ್ತಾಗಿತ್ತು ಎಂದು ವಾಪಸು ಬರುವಾಗ ಸುಮಾ ಹೇಳಿದಳು. ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ?" ಎಂದಳು.

ಇಲ್ಲ. ಅವಳಿಗೇಕೆ ಈ ಕಾರು ಇಷ್ಟವಿಲ್ಲ ಎಂದು ವಿಚಾರಿಸಲು ಹೊರಡುತ್ತಿದ್ದೆ.