ತಳಘರದ ಋಷಿ

ಗುಹೆಯೊಳಗೆ ನಡೆಯುವ ಸಿನೇಮಾ ಎಂದರೆ ನನಗೆ ಮೈ ಉರಿಯುತ್ತದೆ. ಪಂಜು ಆರಿಹೋದ ಮೇಲೂ ನಾಯಕನ ಮೂಗಿನ ತುದಿ ಹೊಳೆಯುತ್ತಲೇ ಇರುತ್ತದೆ. ಮನುಷ್ಯರು ಯಾರೂ ಕಾಲಿಡದ ಪಾತಾಳ ಎನ್ನುತ್ತಾರೆ. ನೋಡಿದರೆ ಅಲ್ಲಿ ಯಾರೋ ಕಸ ಗುಡಿಸಿರುತ್ತಾರೆ. ನಾಯಕಿ ನೆಲದಡಿಯಲ್ಲಿ ವಾರಗಟ್ಟಲೆ ಅಲೆದರೂ ಸೀರೆಯ ನೆರಿಗೆ ಕದಲುವುದಿಲ್ಲ. ಹಸಿವಂತೂ ಯಾರಿಗೂ ಆಗುವುದಿಲ್ಲ. ಇಷ್ಟಕ್ಕೆಲ್ಲ ಸಿಟ್ಟಾಗುತ್ತಾರೆಯೇ ಎಂದು ನೀವು ಕೇಳಬಹುದು. ಇಷ್ಟಕ್ಕಲ್ಲ. ಅಂಥ ಒಂದು ಪಾತಾಳದಲ್ಲಿ ನಾನೇ ಬೇಸಗೆಯೆಲ್ಲ ಕೂತು ಓದಿದ್ದೇನೆ. ಅಲ್ಲಿ ಕಸ ಗುಡಿಸಿದವಳು ನನ್ನ ಹೆಂಡತಿ ಸುಭದ್ರಾ.

ಆಗ ನಾವು ಪುಣೆಯ ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗಿದ್ದೆವು. ಬಿ.ಎ. ಮುಗಿಸಿದ ನಾನು ವಕೀಲಿ ಪರೀಕ್ಷೆಗೆ ಕೂತು ಎರಡು ಸಲ ನಪಾಸಾಗಿದ್ದೆ. ನನ್ನ ಮಾವನವರು ಧಾರವಾಡದ ಕಡೆಯಿಂದ ಬಂದು ಇಲ್ಲಿಯ ಕೋರ್ಟಿನಲ್ಲಿ ಹೆಸರು ಮಾಡಿದ ವಕೀಲರು. "ಅಳಿಯಂದ್ರ, ಈ ಸಲ ಪಾಸಾದ್ರ ನನ್ನ ಜೋಡಿ ಕೋರ್ಟಿಗೆ ಬರ್ರಿ. ಇಲ್ಲಾಂದ್ರ ನಮ್ಮ ತಮ್ಮನ ಕಾಳಿನ ಅಂಗಡ್ಯಾಗ ತಕ್ಕಡಿ ಹಿಡೀರಿ" ಎಂದು ಹೇಳಿಬಿಟ್ಟಿದ್ದರು. ಜೋಳ ತೂಗುವುದು ಕೀಳು ಕೆಲಸವೇನಲ್ಲ. ಆದರೆ ಬಿ.ಎ. ಆದವನಿಗೆ ತಕ್ಕಡಿ ಸರಿಯಾಗಿ ಹಿಡಿಯಲು ಬರುತ್ತದೆಂದು ನನಗೆ ನಂಬಿಕೆಯಿರಲಿಲ್ಲ.

ಮೇಲಿನ ಮನೆಯಲ್ಲಿ ಓದುವುದು ಸಾಧ್ಯವಿರಲಿಲ್ಲ. ವಾಡೆಯ ಗೋಡೆಗಳು ಹೆಸರಿಗಷ್ಟೇ ಗೋಡೆ. ಆಚೆ ಮನೆಯ ಮುದುಕ ಆಜೋಬಾ ಬಿಕ್ಕಳಿಸಿದರೆ ಈಚೆ ನಾವು ನೀರು ತರಲು ಏಳುತ್ತಿದ್ದೆವು. ಆದ್ದರಿಂದ ನಾನೂ ಸುಭದ್ರಾಳೂ ಜಗಳವನ್ನು ಸದ್ದಿಲ್ಲದೆ ಆಡುವ ಪದ್ಧತಿ ಇಟ್ಟುಕೊಂಡಿದ್ದೆವು. ದನಿ ಹೊರಡಿಸದೆ ತುಟಿ ಮಾತ್ರ ಆಡಿಸುವುದು. ನಾಲ್ಕು ವರ್ಷಗಳ ಅಭ್ಯಾಸದಲ್ಲಿ ಅವಳು ನನ್ನ ತುಟಿಗಳನ್ನು ಹಳೆಯ ಮರಾಠಿ ಕಾಗದಪತ್ರಗಳ ಮೋಡಿ ಲಿಪಿ ಬಲ್ಲ ಕಾರಕೂನನಂತೆ ಓದುತ್ತಿದ್ದಳು. ಸದ್ದಿಲ್ಲದೆ ಬೈದರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಇದ್ದುದೊಂದೇ ತಂಪಾದ, ಸದ್ದಿಲ್ಲದ ಜಾಗ ವಾಡೆಯ ತಳಘರ. ಅಲ್ಲಿ ಚಾಪೆ ಹಾಸಿ, ಕಂದೀಲು ಇಟ್ಟುಕೊಂಡು, ಪರೀಕ್ಷೆ ಮುಗಿಯುವವರೆಗೂ ಕ್ಷೌರ ಮಾಡಿಸುವುದಿಲ್ಲವೆಂದು ಹರಕೆ ಹೊತ್ತು ಕೂತೆ. ಪರೀಕ್ಷೆ ಹತ್ತಿರ ಬಂದಾಗ ವಾಡೆಯ ಯಜಮಾನರು ಆ ತಳಘರವನ್ನು ಒಂದು ಸಿನೇಮಾ ಕಂಪನಿಗೆ ಕೊಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ! ಅಂಗಳದಲ್ಲಿ ದೊಡ್ಡ ಕನ್ನಡಿಗಳನ್ನೂ ಬೇಗಡೆ ಹಾಳೆ ಅಂಟಿಸಿದ ಹಲಗೆಗಳನ್ನೂ ನಿಲ್ಲಿಸಿ ಬಿಸಿಲನ್ನು ಮೆಟ್ಟಿಲಿಳಿಸಿದರು. ನಮ್ಮ ಸೌದೆಯ ರಾಶಿಗೆ ಕಾಗದದ ಬಂಡೆಗಳನ್ನು ಹೊದಿಸಿದರು. ನಾಯಕ ಒಂದೇ ಕಂಬವನ್ನು ಸುತ್ತಿ ಸುತ್ತಿ ಓಡಿದ. ಹಾಗೆ ಮೈಲುಗಟ್ಟಲೆ ಗುಹೆ ತಯಾರಾಯಿತಂತೆ. ನಾನು ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟಿಗೆ ಸೀನುತ್ತ ಕರಾರು ಕಾಯದೆ ಓದಿದೆ.

ಒಂದು ದಿನ ತಡೆಯಲಾಗಲಿಲ್ಲ. ಪಂಚೆಯಲ್ಲೇ, ಬರಿಮೈಗೆ ಶಾಲು ಹೊದ್ದು ಕೆಳಗಿಳಿದೆ. ನನ್ನ ಚಾಪೆಯ ಮೇಲೆ ಮಣ್ಣಿನ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿದ್ದರು. ನನಗೆ ಮರಾಠಿ ಬರುತ್ತದೆ. ಆದರೆ ಅದು ಮಂಡಈಯ ತರಕಾರಿ ಸಂತೆಯಲ್ಲಿ ಬದನೆಕಾಯಿ ಚೌಕಾಶಿ ಮಾಡುವಷ್ಟು. ಇಂಥ ಸಿಟ್ಟನ್ನು ಅದು ತಾಳುವುದಿಲ್ಲ. ಬಾಯಿಂದ ಕನ್ನಡ ಹೊರಟಿತು. ನಿರ್ದೇಶಕ ಕೈಮುಗಿದು ನಿಂತು ಕೇಳಿದ. ಅವನ ಹಿಂದೆ ಒಬ್ಬ ಕ್ಯಾಮೆರಾದ ಹಿಡಿಯನ್ನು ಬೀಸುವ ಕಲ್ಲಿನಂತೆ ತಿರುಗಿಸುತ್ತಲೇ ಇದ್ದ. ಯಂತ್ರಕ್ಕೆ ಎಣ್ಣೆ ಬಿಡುತ್ತಿರಬೇಕೆಂದು ನಾನು ತಿಳಿದೆ.

ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಬಾಡಿಗೆದಾರನ ಹಕ್ಕು, ಅತಿಕ್ರಮ ಪ್ರವೇಶ, ನಷ್ಟ ಪರಿಹಾರ ಇವನ್ನು ಕ್ರಮವಾಗಿ ಮಂಡಿಸಿ ಎದುರಾಳಿಯ ಬಾಯಿ ಮುಚ್ಚಿಸಿದೆನೆಂದು ಅಂದು ಸಂಜೆ ಬರೆದಿಟ್ಟೆ. ನೆನಪಿಟ್ಟುಕೊಂಡವನೂ ಬರೆದವನೂ ಒಬ್ಬನೇ ಎಂಬುದು ಆಗ ಹೊಳೆಯಲಿಲ್ಲ. ಮಾವನವರಿಗೂ ಹಾಗೆಯೇ ಹೇಳಿದೆ. ಅವರು ಬಹಳ ಖುಷಿಪಟ್ಟರು. "ಹಿಂಗ ಮಾತಾಡಿದ್ರ ಪಾಸಾಗೂದು ಇರಲಿ, ನಾಳೇನ ಕೋರ್ಟಿನ್ಯಾಗ ನಿಲ್ಲಸಬಹುದು ನಿಮ್ಮನ್ನ!"

ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವ ಮೊದಲೇ ಸಿನೇಮಾ ಬಂತು. ಮಾವನವರೇ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೂಕಿ ಚಿತ್ರ; ಮಾತೆಲ್ಲ ತೆರೆಯ ಮೇಲೆ ಅಕ್ಷರದಲ್ಲಿ. ನಾಯಕ ನಮ್ಮ ಕಂಬವನ್ನು ಸುತ್ತಿದ, ನಾಯಕಿ ನಮ್ಮ ಸೌದೆಯ ಮೇಲೆ ಮೂರ್ಛೆ ಹೋದಳು. ಆಮೇಲೆ ಕತ್ತಲೊಳಗಿಂದ ಗಡ್ಡ ಬಿಟ್ಟ ಒಬ್ಬ ಋಷಿ ಎದ್ದುಬಂದು ಕೈ ಎತ್ತಿ ಏನೋ ಹೇಳತೊಡಗಿದ. ಆ ಋಷಿ ನಾನು.

ತೆರೆಯ ಮೇಲೆ ಮರಾಠಿ ಅಕ್ಷರ ಬಂತು: "ಮಗೂ, ಎಡಗಡೆಯ ದಾರಿ ಹಿಡಿ. ನಿನಗೆ ಮಂಗಳವಾಗಲಿ." ಜನ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನ ಒಬ್ಬ ಮುದುಕಿ ನನಗೆ, ಅಂದರೆ ತೆರೆಗೆ, ನಮಸ್ಕಾರ ಮಾಡಿದಳು. ಋಷಿ ಮತ್ತೆ ಬಾಯಿ ತೆರೆದ.

ಮಾವನವರು ಮುಂದಕ್ಕೆ ಬಾಗಿದರು. "ಇದ ಏನ್ರಿ ಆ ವಾದ? ಭೇಷ್! ಸುಭದ್ರಾ, ನಿನಗ ತಿಳೀತದೇನ, ಯಾವ ಕಲಂ ಹೇಳಾಕತ್ತಾರ?"

"ಕಲಂ ಗಿಲಂ ಏನೂ ಇಲ್ಲಪ್ಪಾ" ಎಂದಳು ಸುಭದ್ರಾ, ತೆರೆಯಿಂದ ಕಣ್ಣು ಕೀಳದೆ.

"ಮತ್ತೇನಂತಾರ?"

ನಾನು ಅವಳ ಕಡೆ ತಿರುಗಿ, ದನಿಯಿಲ್ಲದೆ, ಬೇಡ ಎಂದೆ. ಅವಳು ಆಗ ಓದುತ್ತಿದ್ದುದು ಇನ್ನೊಬ್ಬನ ತುಟಿಯನ್ನು.

"ನನ್ನ ಚಾಪಿ ಕೊಡ್ರಿ, ನನ್ನ ಚಾಪಿ ಕೊಡ್ರಿ, ಅಂತಾರ." ಅವಳು ತೆರೆಯತ್ತ ಬೆರಳು ತೋರಿದಳು. "ಈಗ ನೋಡಪ್ಪಾ, ತುಟಿ ಎರಡೂ ಕೂಡಿದ್ವಲ್ಲ, ಅದು ನೀನು. ಕೊಡಲಿಲ್ಲಾಂದ್ರ ನಮ್ಮ ಮಾವಗ ಹೇಳ್ತೀನಿ, ನಮ್ಮ ಮಾವಗ ಹೇಳ್ತೀನಿ, ಅಂತಾರ."

ಮಾವನವರು ಹಿಂದಕ್ಕೆ ಒರಗಿ ಕೂತರು. ನಾಯಕ ಎಡಗಡೆಗೆ ಹೋಗಿ ನಿಧಿಯನ್ನೂ ಪಡೆದ. ಹೊರಗೆ ಟಾಂಗಾ ಹತ್ತುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಅಳಿಯಂದ್ರ, ನೀವು ಕಕ್ಷಿದಾರ ಆದ್ರ ಭಾಳ ಚಲೋ ಕಾಣ್ತೀರಿ."

ನಾನು ಆ ಸಲ ಪಾಸಾದೆ. ತಕ್ಕಡಿ ತಪ್ಪಿತು. ಆದರೆ ಮಾವನವರು ನನ್ನನ್ನು ಕಚೇರಿಯ ಹಿಂದಿನ ಕೋಣೆಯಲ್ಲಿ ಕೂಡಿಸಿ, "ಬರಿಯೂದು ನೀವು, ಬಾಯಿ ನಾನು" ಎಂದು ಕೆಲಸ ಹಂಚಿಬಿಟ್ಟರು. ಅಂದಿನಿಂದ ಅರ್ಜಿ ಬರೆಯುತ್ತಿದ್ದೇನೆ. ಒಂದು ದಿನವೂ ನ್ಯಾಯಾಧೀಶರ ಮುಂದೆ ನಿಂತು ಮಾತಾಡಿಲ್ಲ. ಇದು ಅನ್ಯಾಯ. ಒಂದು ಹಾಳು ಸಿನೇಮಾ ನೋಡಿ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಶುದ್ಧ ಅನ್ಯಾಯ. ಎಷ್ಟು ದಿನವೆಂದು ಸಹಿಸಲಿ? ಹೋದ ಭಾನುವಾರ ಸಿಟ್ಟು ನೆತ್ತಿಗೇರಿತು. ನೇರವಾಗಿ ಅವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಅವರನ್ನು ದಾಟಿ ಒಳಗೆ ಹೋಗಿ, ಎಲ್ಲವನ್ನೂ ಅತ್ತೆಯವರಿಗೆ ಹೇಳಿಬಿಟ್ಟೆ.