ಮುನಿದು ಕುಳಿತ ಎಂಜಿನ್ ಸಾಹೇಬರ ಸನ್ನಿಧಿಗೆ

ಕಲಬುರಗಿ ಕೋಟೆಯ ಪಕ್ಕ, ಕರೀಂಸಾಬರ ಮೋಟಾರು ಕಾರಖಾನೆಯ ಹುಣಸೆ ಮರದ ನೆರಳಿನಲ್ಲಿ ಇಪ್ಪತ್ತು ದಿನಗಳಿಂದ ವಿರಾಜಮಾನರಾಗಿರುವ ವಿಲಾಯತಿ ಎಂಜಿನ್ ಸಾಹೇಬರಿಗೆ, ಕಮಲಾಪುರದ ಗಾಣದ ದೌಲಪ್ಪನ ಸಾವಿರ ಸಲಾಮುಗಳು. ನಿಜಾಮ ಸರಕಾರದ ಫಸಲಿ ಸನ್ ೧೩೪೬.

ಮಾನ್ಯರೇ,

ತಾವು ಕ್ಷೇಮವೆಂದೇ ನಂಬಿದ್ದೇನೆ, ಏಕೆಂದರೆ ಕೂತಲ್ಲಿಂದ ಅಲುಗಾಡದವರಿಗೆ ಯಾವ ಅಪಾಯವೂ ಇರುವುದಿಲ್ಲ. ತಾವು ಹುಟ್ಟಿದ್ದು ವಿಲಾಯತಿಯಲ್ಲಿ, ಬೆಳೆದದ್ದು ಜಾಗೀರದಾರರ ಬಂಗಲೆಯಲ್ಲಿ. ಎಂಟು ವರ್ಷಗಳ ಹಿಂದೆ ಹರಾಜಿನಲ್ಲಿ ಮೋಟಾರಿನ ಸಮೇತ ಈ ಬಡವನ ಪಾಲಿಗೆ ಬಂದು, ನಮ್ಮೂರಿನ ಕೆಂಪು ಬಾಳೆಗೊನೆಗಳನ್ನೂ ಅವುಗಳ ಮೇಲೆ ಕೂತ ಜನರನ್ನೂ ಕಲಬುರಗಿ ಸಂತೆಗೆ ಹೊತ್ತಿರಿ. ಕಣ್ಣಿನ ಪೊರೆ ತೆಗೆಸಿಕೊಂಡ ನನ್ನ ತಾಯಿ ಅಂಬಮ್ಮ ದವಾಖಾನೆಯಿಂದ ಹೊರಬಂದು ಮೊದಲು ನೋಡಿದ್ದು ತಮ್ಮ ಮೋಟಾರನ್ನೇ. "ಎಷ್ಟು ಹೊಲಸ ಇಟ್ಟೀಯೋ ಇದನ್ನ" ಎಂದು ನನ್ನನ್ನು ಬೈದು ಸೆರಗಿನಿಂದ ಒರೆಸಿದಳು. ಅಂಥ ತಾಯಿ ಈಗಿಲ್ಲ. ತಮ್ಮನ್ನು ಕಂಡರೆ ನನಗೆ ಇರುವ ಮೋಹಕ್ಕೆ ಅದೂ ಒಂದು ಕಾರಣವೆಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಹೀಗಿರಲು, ತಾಜಸುಲ್ತಾನಪುರದ ಹತ್ತಿರ, ನಡುರಸ್ತೆಯಲ್ಲಿ, ತಾವು ಒಮ್ಮೆ ನರಳಿ ಬಿಗಿದುಕೊಂಡಿರಿ. ಹ್ಯಾಂಡಲ್ ಹಾಕಿ ತಿರುವಿದರೆ ನನ್ನ ಭುಜ ತಿರುಗಿತೇ ಹೊರತು ತಾವು ತಿರುಗಲಿಲ್ಲ. ಮರುದಿನ ನನ್ನ ಗಾಣದ ಎತ್ತನ್ನೇ ತರಿಸಿ ಹೂಡಿದೆ. ಹುಟ್ಟಿದಾಗಿನಿಂದ ಸುತ್ತುವುದೊಂದನ್ನೇ ಕಲಿತ ಅದು ತಮ್ಮನ್ನು ಎಳೆದುಕೊಂಡು ಬಾವಿಯೊಂದಕ್ಕೆ ಮೂರು ಪ್ರದಕ್ಷಿಣೆ ಹಾಕಿ, ನಾನೇ ಮುಂದೆ ನಿಂತು ಮೂಗುದಾರ ಹಿಡಿದ ಮೇಲಷ್ಟೇ ನೆಟ್ಟಗೆ ನಡೆಯಿತು. ಕೋಟೆಯ ಮುಂದೆ ಜನ ಎತ್ತಿಗೆ ಕೈಮುಗಿದರು, ನನ್ನನ್ನು ನೋಡಿ ನಕ್ಕರು.

ಈಗ ತಮ್ಮ ಭವಿಷ್ಯದ ಬಗ್ಗೆ ಎರಡು ಅಭಿಪ್ರಾಯಗಳಿವೆ. ನನ್ನ ಹೆಂಡತಿಯ ತಮ್ಮ ಸೂರ್ಯಕಾಂತ, ಅಚ್ಚು ಮುರಿದು ನಿಂತ ಲಾರಿಯೊಂದರ ಎಂಜಿನ್ ತಂದು ತಮ್ಮ ಜಾಗದಲ್ಲಿ ಕೂರಿಸಿ, ತಮ್ಮನ್ನು ಬಿಚ್ಚದೆ ಹಾಗೆಯೇ ಹಾಳುಬಾವಿಗೆ ಉರುಳಿಸಬೇಕೆನ್ನುತ್ತಾನೆ. ಕರೀಂಸಾಬರು ಮಾತ್ರ ತಮ್ಮನ್ನು ತಿರುಪು ತಿರುಪಾಗಿ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಬಹುದೆನ್ನುತ್ತಾರೆ. ತಮ್ಮ ಮೇಲೆ ಇಷ್ಟು ಮೋಹವಿಟ್ಟುಕೊಂಡೂ ನಾನು ಹಾಳುಬಾವಿಯ ಕಡೆಗೇ ವಾಲಿದ್ದೇಕೆಂದು ತಾವು ಕೇಳಬಹುದು. ಬಿಚ್ಚಿದರೆ ತಮ್ಮ ಹೊಟ್ಟೆಯಲ್ಲಿರುವುದು ಹೊರಬರುತ್ತದೆ ಸ್ವಾಮೀ, ಅದಕ್ಕೆ.

ತಮ್ಮ ಹೊಟ್ಟೆಯಲ್ಲಿರುವುದು ನನ್ನ ಗಾಣದ ಕುಸುಬಿ ಎಣ್ಣೆ. ಮೂರು ತಲೆಮಾರಿನಿಂದ ದೇವರ ದೀಪಕ್ಕೆ, ಮದುವೆಯ ಭಜಿಗೆ, ಬಾಣಂತಿಯ ತಲೆಗೆ ಆಗಿಬಂದ ಎಣ್ಣೆ ಒಂದು ಕಬ್ಬಿಣದ ತುಂಡಿಗೆ ಆಗುವುದಿಲ್ಲವೇ ಎಂದು ನನಗೆ ನಾನೇ ಸವಾಲು ಹಾಕಿಕೊಂಡು, ಯಾರೂ ನೋಡದ ಹೊತ್ತಿನಲ್ಲಿ ಡಬ್ಬಿಯ ವಿಲಾಯತಿ ಎಣ್ಣೆಯನ್ನು ಚೆಲ್ಲಿ, ನನ್ನ ಕೈಯಾರೆ ಸುರಿದೆ. ತಾವು ಅದನ್ನು ಕಾಯಿಸಿ ಕಾಯಿಸಿ ಅಂಟು ಮಾಡಿಕೊಂಡಿರಿ. ಎಣ್ಣೆ ಕೆಟ್ಟದ್ದೆಂದು ಊರು ಆಡಿಕೊಂಡರೆ ನನ್ನ ಅಜ್ಜನ ಗಾಣ ನಿಂತಂತೆಯೇ. ಆದ್ದರಿಂದ, ಒಂದು ವೇಳೆ ಬಿಚ್ಚುವುದೇ ಆದರೆ ತಾವು ವಾಸನೆಯನ್ನು ಒಳಗೇ ತಡೆದುಕೊಳ್ಳಬೇಕೆಂದೂ, ಆಗದಿದ್ದರೆ ಕರೀಂಸಾಬರಿಗೆ ಒಂದು ವಾರ ಕಟ್ಟುನಿಟ್ಟಾದ ನೆಗಡಿಯನ್ನು ದಯಪಾಲಿಸಬೇಕೆಂದೂ ಕೋರಬೇಕೆಂದಿದ್ದೆ.

ಆ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಕಾರಣ ನನ್ನ ಹೆಂಡತಿ ಕಸ್ತೂರಿಬಾಯಿ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಆಕೆ ಹೇಳಿದ್ದಿಷ್ಟು: "ಲಾರಿ ಎಂಜಿನ್ನಿಗೂ ನೀವು ಅದೇ ಎಣ್ಣಿ ಹಾಕವ್ರೇ ಇದ್ದೀರಿ. ಬದಲಿ ಮಾಡೋದಿದ್ರ ಮೊದಲ ನಿಮ್ಮ ಹಟಾ ಬದಲಿ ಮಾಡ್ರಿ." ಸಿಟ್ಟು ಬಂತು. ಊಟ ಬಿಟ್ಟು ಎದ್ದೆ; ಸಂಜೆಗೆ ಹಸಿವಾಗಿ ಬಂದು ಒಪ್ಪಿಕೊಂಡೆ. ತಮ್ಮನ್ನು ಬಿಚ್ಚಿಸುವುದೆಂದು ನಿರ್ಧರಿಸಿದ್ದೇನೆ, ಮತ್ತು ಇನ್ನೊಬ್ಬರು ಹೇಳುವ ಮೊದಲು ನಾನೇ ಹೇಳಿಬಿಡಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆದು ಸಂತೆಯ ಬೇವಿನ ಮರಕ್ಕೆ ಅಂಟಿಸಲಿದ್ದೇನೆ. ಅಂಟಿಗೆ ಕೊರತೆಯಿಲ್ಲ, ತಮ್ಮೊಳಗೇ ಬೇಕಾದಷ್ಟಿದೆ.

ಇಷ್ಟು ಅವಮಾನ ಮಾಡಿಸಿಕೊಂಡೂ ತಮ್ಮನ್ನು ಬಿಟ್ಟುಕೊಡಲು ಮನಸ್ಸು ಬಾರದ,
ತಮ್ಮ ವಿಶ್ವಾಸಿ,
ಗಾಣದ ದೌಲಪ್ಪ

ತಾಜಾ ಕಲಮು: ಅಂಟಿಸುವ ಮೊದಲೇ ಕರೀಂಸಾಬರು ತಮ್ಮನ್ನು ಬಿಚ್ಚಿದರು. ತಳದಲ್ಲಿ ಅಂಟಾಗದೆ ಉಳಿದಿದ್ದ ಎಣ್ಣೆಯನ್ನು ಬೆರಳಿನಿಂದ ತೆಗೆದು ಮೂಸಿ, ನಾಲಿಗೆಗೂ ಹಚ್ಚಿ, ನಾನು ನೆಲ ನೋಡುತ್ತಾ ನಿಂತಿರುವಾಗ ಹತ್ತು ಜನರೆದುರು ಅಂದರು: "ಎಣ್ಣಿ ಭಾಳ ಛಲೋ ಅದರಿ ದೌಲಪ್ಪನೋರ. ಇಂಥಾದ್ದು ತಂದು ಮೋಟಾರಿಗ್ಯಾಕ ಸುರುವಿದ್ರಿ? ನಮ್ಮ ಮನಿಗಿ ಎರಡು ಸೇರು ಕಳಸ್ರಿ." ನಾಲ್ಕು ಸೇರು ಕಳಿಸಿದ್ದೇನೆ. ತಮಗೆ ಮಾತ್ರ ಇನ್ನು ಮುಂದೆ ಒಂದು ಹನಿಯೂ ಇಲ್ಲ. ಡಬ್ಬಿಯ ಆ ಕರಿನೀರನ್ನೇ ಕುಡಿದುಕೊಂಡು ದುಡಿಯತಕ್ಕದ್ದು.