ಹಿಂದಿನ ಸೀಟಿನ ಎತ್ತು

ದನದ ಡಾಕ್ಟರಿಕೆಯ ದೊಡ್ಡ ಸುಖವೆಂದರೆ ರೋಗಿ ಬಾಯಿ ಬಿಡುವುದಿಲ್ಲ. ಮನುಷ್ಯರ ಡಾಕ್ಟರನ ಎದುರಿಗೆ ರೋಗಿ ಕುಳಿತು, ಹೋದ ಸಲ ಕೊಟ್ಟ ಗುಳಿಗೆಯಿಂದ ಏನೂ ಆಗಲಿಲ್ಲ, ಇದ್ದ ಹಸಿವೆಯೂ ಹೋಯಿತು ಎಂದು ನಾಲ್ಕು ಜನರ ಮುಂದೆ ಹೇಳಿಬಿಡುತ್ತಾನೆ. ನನ್ನ ರೋಗಿಗಳು ಹಾಗಲ್ಲ. ಗುಣವಾದರೆ ಮೇಯುತ್ತವೆ, ಆಗದಿದ್ದರೆ ಮಲಗುತ್ತವೆ. ಎರಡಕ್ಕೂ ನನ್ನ ಹೆಸರು ಹೇಳುವುದಿಲ್ಲ. ಒದೆಯುತ್ತವೆ, ನಿಜ. ಆದರೆ ಆ ಒದೆತದಲ್ಲಿ ಕೊಂಕು ಇರುವುದಿಲ್ಲ. ಹೀಗೆ ಮೊರಬದ ಪಶು ದವಾಖಾನೆಯಲ್ಲಿ ಮೂಕ ರೋಗಿಗಳ ನಡುವೆ ನೆಮ್ಮದಿಯಿಂದಿದ್ದ ನನಗೆ, ಎಂಬತ್ತರ ದಶಕದ ನಡುವಿನಲ್ಲಿ, ಮಾತಾಡುವ ರೋಗಿಯೊಬ್ಬಳು ಮನೆಯಲ್ಲೇ ಸಿಕ್ಕಳು. ನನ್ನ ಅವ್ವ.

ಅವ್ವ ಬಮ್ಮಿಗಟ್ಟಿಯ ಒಕ್ಕಲುತನದ ಮನೆಯವಳು. ಅಪ್ಪ ತೀರಿಕೊಂಡ ಮೇಲೆ ಹೊಲಮನೆಯನ್ನು ನನ್ನ ತಮ್ಮನಿಗೆ ಒಪ್ಪಿಸಿ, ನನ್ನ ಸಂಸಾರದ ತಪ್ಪುಗಳನ್ನು ತಿದ್ದಲು ಮೊರಬಕ್ಕೆ ಬಂದಿದ್ದಳು. ಒಂದು ಮಳೆಗಾಲದಲ್ಲಿ ಹೊಟ್ಟೆನೋವು ಅಂದಳು. ಬಿಸಿನೀರು, ಓಂಕಾಳು, ಇಂಗು ಎಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಗಡ್ಡೆಯಿದೆ, ಕೊಯ್ದು ತೆಗೆಯುವ ಹಂತ ದಾಟಿದೆ, ಕರೆಂಟ್, ಅಂದರೆ ವಿಕಿರಣ, ಕೊಟ್ಟು ನೋಡೋಣ, ಆದರೆ ಒಂದು ಸರತಿಯನ್ನೂ ತಪ್ಪಿಸಬಾರದು ಎಂದರು. ಅವ್ವನಿಗೆ ಸುತ್ತಿ ಬಳಸಿ ವಿಷಯ ತಿಳಿಸಿದೆ. "ನಮ್ಮೂರಾಗ ಕಂಬಕ್ಕ ಕರೆಂಟ್ ಬರವಲ್ದು, ನನ್ನ ಹೊಟ್ಟಿಗೆ ಎಲ್ಲಿಂದ ತಂದು ಕೊಡ್ತಾರೋ?" ಎಂದಳು. ನಾನು ನಕ್ಕೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾಂತಾ ಅಳುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಈ ಎರಡೂ ಕೆಲಸ ಒಟ್ಟಿಗೇ ನಡೆಯುತ್ತಿದ್ದವು.

ಹೋಗಿಬರಲು ಕಾರಿತ್ತು. ಕಾರು ಅಂದಕೂಡಲೇ ನನ್ನನ್ನು ಸಿರಿವಂತರ ಸಾಲಿಗೆ ಸೇರಿಸಬೇಡಿ. ಅಣ್ಣಿಗೇರಿಯ ಹತ್ತಿ ವ್ಯಾಪಾರಸ್ಥರೊಬ್ಬರ ಎಮ್ಮೆ ಸಾಯುವಂತಾದಾಗ ನಾನು ಹೋಗಿ ಉಳಿಸಿದ್ದೆ. ಆ ಸಂತೋಷಕ್ಕೆ ಅವರು ಶೆಡ್ಡಿನಲ್ಲಿದ್ದ ವಿಲಾಯತಿ ಕಂಪನಿಯ ಹಳೆಯ ಕಾರನ್ನು ನನಗೆ ಅಗ್ಗಕ್ಕೆ ಕೊಟ್ಟರು. ಮನೆಗೆ ತಂದು ನೋಡಿದ ಮೇಲೆ, ಎಮ್ಮೆ ಬದುಕಿದ್ದು ಅವರಿಗೆ ಅಷ್ಟೇನೂ ಸಂತೋಷ ಕೊಟ್ಟಿರಲಿಲ್ಲ ಅನ್ನಿಸಿತು. ಕಾರು ದಾರಿಯಲ್ಲಿ ನಿಂತರೆ ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು. ಆ ಎತ್ತುಗಳು ಸಾಮಾನ್ಯವಾಗಿ ನನ್ನ ರೋಗಿಗಳೇ ಆಗಿರುತ್ತಿದ್ದರಿಂದ ಎಳೆಯುವಾಗ ನನ್ನ ಕಡೆ ತಿರುತಿರುಗಿ ನೋಡುತ್ತಿದ್ದವು. ಒಳಗಿನ ಸೀಟುಗಳಿಗೆ ಯಾರೋ ಪುಣ್ಯಾತ್ಮರು, ಬಾಗಿಲು ಕಿಟಕಿಗೆ ತಂದು ಮಿಕ್ಕಿದ್ದೋ ಏನೋ, ಹಸಿರು ಎಣ್ಣೆಬಣ್ಣ ಬಳಿದಿದ್ದರು. ಅದು ನಮ್ಮ ಕಡೆಯ ಎರೆಭೂಮಿಯ ಹಾಗೆ ಬಿರಿದುಕೊಂಡಿತ್ತು. ರೆಗ್ಜಿನ್ ಇರಬೇಕೆಂದು ನಾನು ನಂಬಿದ್ದೆ, ನನ್ನ ಮಾತು ಕೇಳಿ ಮನೆಯವರೂ ನಂಬಿದ್ದರು. ಬೆಳಗಾದರೆ ದನದ ಮೈ ಮುಟ್ಟಿ ಹೊಟ್ಟೆ ಹೊರೆಯುವ ಮನುಷ್ಯ ದನದ ಚರ್ಮದ ಮೇಲೆಯೇ ಕುಳಿತು ಊರೂರು ತಿರುಗಿದರೂ ಗುರುತು ಹಿಡಿಯಲಿಲ್ಲ.

ಮೊದಲ ಕೆಲವು ಸರತಿ ಅವ್ವ ಆ ಹಿಂದಿನ ಸೀಟಿನಲ್ಲೇ ಮಲಗಿ ಹುಬ್ಬಳ್ಳಿಗೆ ಹೋಗಿಬಂದಳು. ಒಂದು ದಿನ ಅವಳಿಗೆ ಎರೆಯಲು ಹೋದ ಶಾಂತಾ ಬಚ್ಚಲಿನಿಂದ ಹೊರಗೆ ಬಂದು, "ಒಂದೀಟು ಇಲ್ಲಿ ಬರ್ರಿ" ಎಂದು ಸಣ್ಣ ದನಿಯಲ್ಲಿ ಕರೆದಳು. ಅವ್ವನ ಬೆನ್ನಿನ ಮೇಲೆ ಸೀಟಿನ ಸ್ಪ್ರಿಂಗುಗಳು ಸುರುಳಿ ಸುರುಳಿಯಾಗಿ ಕೆಂಪಗೆ ಮೂಡಿದ್ದವು. "ಯಾಕ ಹೇಳಲಿಲ್ಲವ್ವಾ?" ಅಂದೆ. "ಹೇಳಿದ್ರ ಗುಳಿಗಿ ಕೊಡ್ತಿದ್ದಿ" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಡ್ಡೆ ನನ್ನ ಕೈ ಮೀರಿದ್ದು, ಆದರೆ ಸೀಟು ನನ್ನ ಕೈಯಲ್ಲಿತ್ತು. ಮಗನಾದವನು ಮಾಡಬಹುದಾದ ಒಂದೇ ಒಂದು ಕೆಲಸ ಅದೆಂದು ತಿಳಿದು ಮರುದಿನವೇ ಸೀಟು ಕಿತ್ತು ಅಂಗಳಕ್ಕೆ ತಂದೆ.

ನವಲಗುಂದದಿಂದ ಮಕ್ಬೂಲಸಾಬನನ್ನು ಕರೆಸಿದೆ. ಟ್ರ್ಯಾಕ್ಟರ್ ಸೀಟು, ಮದುವೆ ಮನೆಯ ಗಾದಿ, ಏನು ಕೊಟ್ಟರೂ ಹೊಲಿಯುವವನು. ಸ್ಪ್ರಿಂಗು ಕಟ್ಟಿ, ತೆಂಗಿನ ನಾರು ತುಂಬಿ, "ಮ್ಯಾಲ ಹೊಸಾ ರೆಗ್ಜಿನ್ ಹೊಡದು ಬಿಡ್ತೇನ್ರಿ ಡಾಕ್ಟ್ರ, ಸಂಜೀದ್ರಾಗ ಮುಗೀತೈತಿ" ಎಂದ. ಅಲ್ಲಿಗೇ ಹೂಂ ಅಂದಿದ್ದರೆ ನಾನು ಈ ಕಥೆ ಹೇಳುತ್ತ ಕೂಡಬೇಕಿರಲಿಲ್ಲ. ಆದರೆ ಅವ್ವನ ಕೆಲಸ, ಮೇಲಿನದನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದೆ. "ಮಾಡ್ರಿ" ಎಂದು ಅವನು ಹೋದ. ಟರ್ಪೆಂಟೈನಿನಲ್ಲಿ ಅರಿವೆ ಅದ್ದಿ ತಿಕ್ಕಿದೆ. ಹಸಿರು ಬಣ್ಣ ಹೊಪ್ಪಳಿಕೆಯಾಗಿ ಎದ್ದು, ಕೆಳಗೆ ಅಂಗೈಯಗಲ ಕಂದು ಬಣ್ಣ ಕಂಡಿತು. ಇನ್ನಷ್ಟು ತಿಕ್ಕಿದಾಗ ರೋಮದ ಸಣ್ಣ ಸಣ್ಣ ಗುರುತುಗಳು ಕಂಡವು. ರೆಗ್ಜಿನ್ನಿಗೆ ಎಲ್ಲಿಂದ ಬರಬೇಕು ರೋಮ? ನನಗೆ ಆದ ಖುಷಿ ಹೇಳತೀರದು. ಸಾಬೂನು ನೀರಿನಿಂದ ಒರೆಸಿ, ನೆರಳಿನಲ್ಲಿ ಆರಿಸಿ, ಔಡಲೆಣ್ಣೆ ಬೆಚ್ಚಗೆ ಮಾಡಿ ಅಂಗೈಯಿಂದ ತೀಡಿದೆ. ಒಣಗಿ ಕೊರಡಾಗಿದ್ದ ಚರ್ಮ ಎಣ್ಣೆ ಕುಡಿದು ಕುಡಿದು ಮೆತ್ತಗಾಯಿತು. ಹರಿದಲ್ಲಿ ದವಾಖಾನೆಯಿಂದ ಬಾಗಿದ ಸೂಜಿ ತಂದು ಹೊಲಿಗೆ ಹಾಕಿದೆ. ನನ್ನ ಕೈಯಲ್ಲಿ ಹೊಲಿಸಿಕೊಂಡು ಒದೆಯದೇ ಇದ್ದ ಮೊದಲ ಚರ್ಮ ಅದು. ಕೊನೆಗೆ ಬೂಟ್ ಪಾಲಿಶ್ ಹಚ್ಚಿ ಉಜ್ಜಿದಾಗ ಅದಕ್ಕೆ ಬಂದ ಕಳೆ ನೋಡಿ ನನಗೆ ತಡೆದುಕೊಳ್ಳಲಾಗಲಿಲ್ಲ. "ಅವ್ವಾ, ಬಾ ಇಲ್ಲಿ! ರೆಗ್ಜಿನ್ ಅಲ್ಲ ಇದು, ಅಸಲಿ ತೊಗಲು!" ಎಂದು ಅಂಗಳದಿಂದಲೇ ಕೂಗಿದೆ.

ಅವ್ವ ಗೋಡೆ ಹಿಡಿದುಕೊಂಡು ಬಂದಳು. ಸೀಟಿನ ಹತ್ತಿರ ಕುಳಿತು ಮೂಸಿದಳು. ಅಂಗೈಯಿಂದ ಸವರಿದಳು.

"ಎತ್ತಿಂದೇನೋ?"

"ಎತ್ತಿಂದ ಇರಬೇಕು."

"ಯಾರ ಮನೀದು?"

ಚರ್ಮದ ಬಗ್ಗೆ ಇಂಥ ಪ್ರಶ್ನೆಯನ್ನು ನನಗೆ ಕಾಲೇಜಿನಲ್ಲಿಯೂ ಯಾರೂ ಕೇಳಿರಲಿಲ್ಲ. "ಯಾರ ಮನೀದಂತ ನನಗೇನ ಗೊತ್ತವ್ವಾ? ಇದು ವಿಲಾಯತಿ ಎತ್ತು" ಎಂದೆ.

"ವಿಲಾಯತಿ ಎತ್ತಿಗೆ ಮನಿ ಇರಾಂಗಿಲ್ಲೇನು? ಅಲ್ಲೂ ಯಾವಾಕಿಯರ ಮುಂಜಾನೆದ್ದು ಅದಕ್ಕ ಹೊಟ್ಟು ಹಾಕಿರ್ತಾಳ." ಅವಳ ಬೆರಳು ಒರಗುವ ಭಾಗದ ಹತ್ತಿರ ಒಂದು ಕಡೆ ನಿಂತಿತು. ಅಲ್ಲೊಂದು ಉದ್ದನೆಯ ಕಲೆ. "ಇಲ್ಲಿ ಗಾಯ ಆಗಿತ್ತು" ಎಂದಳು.

ನಾನೂ ಬಗ್ಗಿ ನೋಡಿದೆ. ಮುಳ್ಳುತಂತಿ ಹರಿದ ಗಾಯ ಇರಬೇಕು. ವೃತ್ತಿಯ ಅಭಿಮಾನ ಎಲ್ಲಿ ಹೋಗುತ್ತದೆ? "ಅಗದಿ ಛಲೋ ಮಾಯ್ದೈತಿ ನೋಡವ್ವಾ" ಎಂದೆ.

"ಅಲ್ಲಿ ನಿನ್ನಂಥ ಡಾಕ್ಟರ್ ಇರಲಿಕ್ಕಿಲ್ಲ" ಎಂದು ಅವ್ವ ಎದ್ದಳು. "ನಾ ಇದರ ಮ್ಯಾಲೆ ಮಲಗಾಂಗಿಲ್ಲ."

ಇದು ಮಡಿ ಮೈಲಿಗೆಯ ಮಾತಲ್ಲ. ನಮ್ಮ ಬಮ್ಮಿಗಟ್ಟಿಯ ಮನೆಯಲ್ಲಿ ದುಡಿದ ಎತ್ತು ಸತ್ತರೆ ಹೊರಗೆ ಕೊಡುವುದಿಲ್ಲ. ಹೊಲದ ಬದುವಿನಲ್ಲಿ ಕುಣಿ ತೆಗೆದು ಹೂಳುತ್ತಾರೆ. ಕೆಂದ ಎಂಬ ಎತ್ತು ಸತ್ತಾಗ ಅವ್ವ ಅದರ ಬಾಯಿಯ ಹತ್ತಿರ ಒಂದು ರೊಟ್ಟಿ ಇಟ್ಟು, ಕೋಡಿಗೆ ಅರಿಷಿಣ ಹಚ್ಚಿ ಕಳಿಸಿದ್ದಳಂತೆ. ಅವತ್ತು ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನಾನು ಹುಟ್ಟಿದ ದಿನ ಅವಳಿಗೆ ಸರಿಯಾಗಿ ಗೊತ್ತಿಲ್ಲ, ಶಾಲೆಯ ಮಾಸ್ತರರು ತಮಗೆ ತಿಳಿದದ್ದನ್ನು ಬರೆದುಕೊಂಡರು. ಕೆಂದ ಸತ್ತ ವಾರ, ತಿಥಿ, ಅವತ್ತು ಬೀಸಿದ ಗಾಳಿ ಎಲ್ಲವೂ ಗೊತ್ತು. ಅಂಥವಳ ಮುಂದೆ ನಾನು ಯಾರದೋ ಮನೆಯ ಕೆಂದನನ್ನು ಎಣ್ಣೆ ಹಚ್ಚಿ ಹಾಸಿದ್ದೆ.

ಒಪ್ಪಿಸಲು ನಾನು ಪಟ್ಟ ಪಾಡು ಹೇಳುವುದಕ್ಕಿಂತ ಹೇಳದಿರುವುದೇ ಮರ್ಯಾದೆ. ಸ್ವಾಮಿಗಳು ಜಿಂಕೆಯ ಚರ್ಮದ ಮೇಲೆ ಕೂಡುವುದಿಲ್ಲವೇ ಎಂದೆ. "ಜಿಂಕಿ ಯಾರ ಹೊಲಾನೂ ಊಳಿಲ್ಲ" ಎಂದಳು. ನಿನ್ನ ಕಾಲಿನ ಚಪ್ಪಲಿ ಯಾವುದರದು ಎಂದು ಕೇಳಿದೆ. ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು. ಗೆದ್ದೆ ಎಂದುಕೊಂಡೆ. ಮರುದಿನದಿಂದ ಅವ್ವ ಬರಿಗಾಲಲ್ಲಿ ನಡೆಯತೊಡಗಿದಳು. "ಇನ್ನೊಂದು ಮಾತ ಆಡಬ್ಯಾಡ್ರಿ, ಊಟಾನೂ ಬಿಟ್ಟಾರು" ಎಂದು ಶಾಂತಾ ನನಗೆ ಕೈ ಮುಗಿದಳು. ಕೊನೆಗೆ ಮಕ್ಬೂಲಸಾಬನನ್ನೇ ಮತ್ತೆ ಕರೆಸಿದೆ. "ಅವ್ವಾರ, ಮ್ಯಾಲ ದಪ್ಪನ ರೆಗ್ಜಿನ್ ಹೊಡೀತೇನ್ರಿ, ಕಾಣಾಂಗೇ ಇಲ್ಲ" ಎಂದು ಅವನು ಗೋಗರೆದ. "ನನ್ನ ಮ್ಯಾಲ ಸೀರಿ ಹೊಚ್ಚಿದ್ರ ಒಳಗಿನ ಗಡ್ಡಿ ಹೋತೇನೋ ಮಕ್ಬೂಲಾ?" ಎಂದಳು. ಹಾಗಾದರೆ ತೊಗಲನ್ನೇ ಕಿತ್ತು ತೆಗೆಸುತ್ತೇನೆ ಎಂದು ನಾನು ಅಂದರೆ, "ಒಂದ್ಸಲ ಸುಲದಿದ್ದು ಸಾಕಾಗಿಲ್ಲೇನು ಅದಕ್ಕ?" ಎಂದಳು. ಅವನು ಸುತ್ತಿಕೊಂಡು ಬಂದ ರೆಗ್ಜಿನ್ನನ್ನು ಹಾಗೆಯೇ ಹೆಗಲಿಗಿಟ್ಟುಕೊಂಡು ಬಸ್ಸು ಹತ್ತಿದ. ನನಗೆ ಸಿಟ್ಟು ಬಂತು. ಎಂದೋ ಎಲ್ಲೋ ಸತ್ತ ಎತ್ತಿನ ಸಲುವಾಗಿ ನನ್ನ ಅವ್ವ ಸಾಯಬೇಕೇ ಎಂಬ ಹೆದರಿಕೆಯ ಸಿಟ್ಟು ಅದು.

ದವಾಖಾನೆಗೆ ಬರುವುದಿಲ್ಲ ಅಂತ ಅವ್ವ ಅನ್ನಲಿಲ್ಲ. ಬಸ್ಸಿಗೆ ಹೋಗುತ್ತೇನೆ ಅಂದಳು. ಶಾಂತಾ ಜೊತೆಗೆ ಹೋಗುತ್ತಿದ್ದಳು. ದಾರಿಯಲ್ಲಿ ತಲೆ ತಿರುಗಿ ಬಿದ್ದರೆ ಇರಲಿ ಎಂದು ನಾನು ಖಾಲಿ ಕಾರು ತೆಗೆದುಕೊಂಡು ಬಸ್ಸಿನ ಹಿಂದೆ ಹಿಂದೆ ಹೋಗುತ್ತಿದ್ದೆ. ಹಿಂದಿನ ಸೀಟು ಬಿಸಿಲಿಗೆ ಮಿಂಚುತ್ತಿತ್ತು. ಮೊದಲ ದಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಮುಂದ ಹೋಗ್ರಿ ಡಾಕ್ಟ್ರ, ದಾರಿ ಬಿಟ್ಟೇವಿ!" ಎಂದು ಕೈಮಾಡಿದ. ನಾನು ತಲೆಯಾಡಿಸಿ ಹಿಂದೆಯೇ ಉಳಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಬಂದು, "ಯಾಕ್ರಿ, ಬಸ್ಸಿಗೂ ಜಡ್ಡ ಆಗೇತೇನ್ರಿ?" ಎಂದು ಕೇಳಿದ. ಬಸ್ಸಿನಲ್ಲಿ ಜಾಗ ಸಿಗದ ಗಂಡಹೆಂಡಿರಿಬ್ಬರು ಗಂಟು ಸಮೇತ ನನ್ನ ಕಾರು ಹತ್ತಿ, "ಸೀಟ ಬಾಳ ಮೆತ್ತಗ ಐತ್ರಿ, ಅಗದಿ ಹಾಸಿಗೀನ" ಎಂದು ದಾರಿಯುದ್ದಕ್ಕೂ ಹೊಗಳಿದರು. ಮುಂದೆ ಹೋಗುತ್ತಿದ್ದ ಬಸ್ಸಿನ ಕೊನೆಯ ಸೀಟಿನಲ್ಲಿ ಅವ್ವನ ತಲೆ ರಸ್ತೆಯ ಕುಣಿಗಳಿಗೆ ಎತ್ತೆತ್ತಿ ಬೀಳುವುದು ಗಾಜಿನಲ್ಲಿ ಕಾಣುತ್ತಿತ್ತು. ಒಂದೆರಡು ಸಲ ಅವಳು ಅದನ್ನು ತಾಳಲಾರದೆ ಅರ್ಧ ದಾರಿಯಲ್ಲಿ ಇಳಿದು, ಊರಿಗೆ ಹೋಗುವ ಬಸ್ಸು ಬರುವವರೆಗೆ ಮರದ ಕೆಳಗೆ ಮಲಗಿದಳು. ಕಾರಿನ ಕಡೆ ಮಾತ್ರ ಬರಲಿಲ್ಲ. ಆ ಸರತಿಗಳು ತಪ್ಪಿದವು.

ಚಳಿಗಾಲ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಬದಿಗೆ ಕರೆದು, ಇನ್ನು ಕರೆತರುವುದು ಬೇಡ, ಮನೆಯಲ್ಲೇ ಆರಾಮಾಗಿರಲಿ ಎಂದರು. ತಪ್ಪಿದ ಸರತಿಗಳಿಂದ ಹೀಗಾಯಿತೇ ಎಂದು ಕೇಳಿದೆ. "ಅದರಿಂದ ಏನೂ ಫರಕ್ ಆಗುತ್ತಿರಲಿಲ್ಲ" ಎಂದರು. ಈ ಮಾತು ನನಗೆ ಚೆನ್ನಾಗಿ ಗೊತ್ತು. ತಡಮಾಡಿ ಕರೆದ ರೈತರಿಗೆ, ತಡಮಾಡಿ ಹೋದ ನಾನು, ಇದನ್ನೇ ಹೇಳಿ ಚೀಲ ಎತ್ತಿಕೊಂಡು ಬಂದಿದ್ದೇನೆ. ಹೊರಗೆ ಬಂದಾಗ ಅವ್ವ ಮೆಟ್ಟಿಲ ಮೇಲೆ ಶಾಂತಾಳಿಗೆ ಒರಗಿ ಕುಳಿತಿದ್ದಳು. ನನ್ನ ಮುಖ ನೋಡಿದಳು. ಬಸ್ ಸ್ಟ್ಯಾಂಡಿನವರೆಗೆ ನಡೆಯುವುದು ದೂರದ ಮಾತು, ಅವಳಿಗೆ ತಲೆ ಎತ್ತುವುದೂ ಆಗುತ್ತಿರಲಿಲ್ಲ. "ಅದರಾಗ ನಡೀ" ಎಂದು ಕಾರಿನ ಕಡೆ ಕಣ್ಣಿನಿಂದ ತೋರಿಸಿದಳು.

ನಾನು ಓಡಿಹೋಗಿ ಡಿಕ್ಕಿಯಿಂದ ಕಂಬಳಿ ತೆಗೆದು ಸೀಟಿನ ಮೇಲೆ ಹಾಸತೊಡಗಿದೆ. "ತಗಿ ಅದನ್ನ" ಎಂದಳು. "ಮುಂಜಾನಿಂದ ಬಿಸಲಾಗ ನಿಂತೈತಿ. ಮ್ಯಾಲ ಕಂಬಳಿ ಬ್ಯಾರೆ ಹೊಚ್ಚತೀಯೇನು ಅದಕ್ಕ?" ಕಂಬಳಿ ತೆಗೆದೆ. ಅವಳು ಶಾಂತಾಳ ಹೆಗಲಿಗೆ ಜೋತು ಬಾಗಿಲಲ್ಲಿ ನಿಂತು ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪ ತಿಳೀಬ್ಯಾಡೋ ಯಪ್ಪಾ, ಕುಂದ್ರಾಕ ಆಗವಲ್ದು ನನಗ" ಎಂದಳು. ಶಾಂತಾ ಹಿಡಿದು ಮಲಗಿಸಿ, ತಾನು ಮುಂದೆ ನನ್ನ ಬಾಜೂ ಕುಳಿತಳು. ಆಮೇಲೆ ಅವ್ವ ಎಲ್ಲಿಗೂ ಹೋಗಲಿಲ್ಲ. ಅದೇ ಅವಳ ಕಡೆಯ ಪ್ರಯಾಣ.

ಕುಣಿ ತಪ್ಪಿಸುತ್ತ ತಪ್ಪಿಸುತ್ತ ಸಾವಕಾಶ ಹೊಡೆಯುತ್ತಿದ್ದೆ. ಮೊರಬ ಹತ್ತಿರ ಬಂದಾಗ ಹಿಂದಿನಿಂದ ಅವ್ವನ ದನಿ ಕೇಳಿತು. "ಸಾಕಾತೇನೋ ನನ್ನಪ್ಪಾ? ಬಾಳ ದಣದಿ. ಎಲ್ಲಾರ್ನೂ ಹೊತ್ತು ಹೊತ್ತು ಸೋತಿ. ನಾನೂ ತ್ರಾಸ ಕೊಟ್ಟೆ. ಇನ್ನೇನ ಮನಿ ಬಂತು."

ಹುಟ್ಟಿದಾಗಿನಿಂದ ಅವಳ ಬಾಯಿಂದ ಇಂಥ ಮಾತು ಕೇಳಿದವನಲ್ಲ ನಾನು. ಎದುರಿನ ರಸ್ತೆ ಮಂಜಾಯಿತು. ಹಿಂದೆ ತಿರುಗದೆಯೇ, "ಇಲ್ಲವ್ವಾ, ನನಗೇನ ತ್ರಾಸ ಇಲ್ಲ" ಎಂದೆ.

"ನಿನಗಲ್ಲೋ" ಎಂದಳು ಅವ್ವ. "ನೀ ಮುಂದ ನೋಡ್ಕೊಂಡು ಹೊಡಿ."

ಶಾಂತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಮುಂದೆ ನೋಡಿಕೊಂಡು ಹೊಡೆದೆ. ಅವ್ವ ಸೀಟನ್ನು ಮೆಲ್ಲಗೆ ತಟ್ಟುವ ಸದ್ದು ಮನೆ ಮುಟ್ಟುವವರೆಗೂ ಕೇಳುತ್ತಲೇ ಇತ್ತು. ನನ್ನ ನೌಕರಿಯಲ್ಲಿ ಎಷ್ಟು ಎತ್ತುಗಳಿಗೆ ಮದ್ದು ಹಾಕಿದ್ದೇನೋ ಲೆಕ್ಕವಿಲ್ಲ. ಎತ್ತಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಅವತ್ತೊಂದೇ ದಿನ.